‘ಒಕ್ಕೂಟ’: ಧುಪದಾಳ ಕೇಂದ್ರಿತ ತಾತ್ವಿಕ ನೆಲೆಗಳು ಮತ್ತು ಅನುಸಂಧಾನಾತ್ಮಕ ಆಯಾಮಗಳು

0.0. ಪ್ರಸ್ತುತ ಸಂಪ್ರಬಂಧವು ‘ಒಕ್ಕೂಟ’ ಎಂಬ ರಾಜಕೀಯ ಪರಿಕಲ್ಪನೆಯ ಸಂಕಥನವನ್ನು ಗೋಕಾಕ ಸೀಮೆಯ ಧುಪದಾಳವೆಂಬ ಸ್ಥಳೀಯತೆಯೊಂದಿಗೆ ಮುಖಾಮುಖಿಯಾಗಿಸುವ ವಿನಮ್ರ ಪ್ರಯತ್ನವಾಗಿದೆ. ‘ಮುಖಾಮುಖಿ’ ಎಂದರೆ ಯಾರ ಮುಖವನ್ನೂ ನೋಡದೆ ವೇದಿಕೆಯ ಮೇಲೆ ನಿಂತು ಹಾಳೆ ಓದುವುದು. ಅಧ್ಯಯನದ ವ್ಯಾಪ್ತಿ: ಗೋಕಾಕ, ಮೂಡಲಗಿ, ಹುಕ್ಕೇರಿ. ಸಂಶೋಧನಾ ವಿಧಾನ: ಬಹುಶಿಸ್ತೀಯ, ಅಂದರೆ ಯಾವ ಶಿಸ್ತೂ ಇಲ್ಲದ್ದು.

0.1. ಸಂವಿಧಾನದ 1ನೆಯ ವಿಧಿ ಭಾರತವನ್ನು ರಾಜ್ಯಗಳ ಒಕ್ಕೂಟ ಎನ್ನುತ್ತದೆ. ಈ ರಾಜ್ಯಗಳು ತಾವಾಗಿ ಕೂಡಿ ಒಪ್ಪಂದ ಮಾಡಿಕೊಂಡದ್ದಲ್ಲ, ಹಾಗಾಗಿ ಯಾವುದಕ್ಕೂ ಬಿಟ್ಟುಹೋಗುವ ಹಕ್ಕಿಲ್ಲ; ಇದೇ ಮಾತನ್ನು ಇತ್ಯರ್ಥಮಾಡಲು ಅಮೆರಿಕದವರು ಅಂತರ್ಯುದ್ಧ ಮಾಡಬೇಕಾಯಿತು ಎಂದು ಅಂಬೇಡ್ಕರರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹೇಳಿ ಮುಗಿಸಿದರು. ಅವರು ಮುಗಿಸಿದ್ದನ್ನು ನಮ್ಮ ವಿಚಾರ ಸಂಕಿರಣಗಳು ಇನ್ನೂ ಶುರುಮಾಡುತ್ತಲೇ ಇವೆ. ‘ಕೇಂದ್ರ ಸರ್ಕಾರ’ ಎಂದವರು ಯಾಜಮಾನ್ಯದ ಪರ, ‘ಒಕ್ಕೂಟ ಸರ್ಕಾರ’ ಎಂದವರು ಅಂಚಿನವರ ಪರ. ಮಾತಿನ ಭರದಲ್ಲಿ ‘ಸೆಂಟ್ರಲ್ ಗೌರ್ಮೆಂಟ್’ ಎಂದುಬಿಟ್ಟವರು ಯಾರ ಪರ ಎಂಬುದನ್ನು ಮುಂದಿನ ಸಂಶೋಧಕರಿಗೆ ಬಿಡಲಾಗಿದೆ.

1.0. ಒಕ್ಕೂಟ ಏಳು ವಿಧ: ಐತಿಹಾಸಿಕ, ಜಲಾತ್ಮಕ, ಕ್ಷೀರಾತ್ಮಕ, ಸ್ತ್ರೈಣ-ಆರ್ಥಿಕ, ಪ್ರಭುತ್ವಾತ್ಮಕ, ಮತ್ತು ಏಳಾಗಲೆಂದು ಸೇರಿಸಿದ ಇನ್ನೆರಡು.

1.1. ಐತಿಹಾಸಿಕ. ಗೋಕಾಕ ಸೀಮೆ ಮುಂಬಯಿ ಪ್ರಾಂತದಲ್ಲಿತ್ತು. ಸುತ್ತಮುತ್ತ ಮುಧೋಳ, ಜಮಖಂಡಿ, ರಾಮದುರ್ಗ, ಸಾಂಗಲಿ ಎಂದು ಸಂಸ್ಥಾನಗಳು. ಸ್ವಾತಂತ್ರ್ಯ ಬಂದ ಹೊತ್ತಿಗೆ ಔಂಧ, ಫಲಟಣ, ಸಾಂಗಲಿ, ರಾಮದುರ್ಗ ಮೊದಲಾದ ಕಡೆಯ ರಾಜರು ಸೇರಿ ‘ಸಂಯುಕ್ತ ದಖ್ಖನ್ ಸಂಸ್ಥಾನ’ ಕಟ್ಟಿದರು. ಹೆಸರಿನ ಗತ್ತು ಅಮೆರಿಕದ್ದು, ಆಯುಷ್ಯ ಒಂದು ಕಬ್ಬಿನ ಬೆಳೆಯಷ್ಟೂ ಇಲ್ಲ. 1948ರ ಮಾರ್ಚ್‌ನಲ್ಲಿ ಅದೂ ಮುಂಬಯಿಯಲ್ಲಿ ಕರಗಿತು. 1956ರ ನವೆಂಬರ್ 1ಕ್ಕೆ ಧುಪದಾಳ ಮೈಸೂರು ರಾಜ್ಯಕ್ಕೆ ಬಂತು, 1973ಕ್ಕೆ ಕರ್ನಾಟಕಕ್ಕೆ. ಊರು ಕೂತಲ್ಲಿಂದ ಎದ್ದಿರಲಿಲ್ಲ. ಇತ್ತ ಬೆಳಗಾವಿಯಲ್ಲಿ ನಮ್ಮದು ಕರ್ನಾಟಕ ಏಕೀಕರಣ, ಅವರದು ಮಹಾರಾಷ್ಟ್ರ ಏಕೀಕರಣ ಸಮಿತಿ. ಇಬ್ಬರಿಗೂ ಒಂದಾಗುವುದೇ ಗುರಿ, ಜಗಳವೂ ಅದಕ್ಕೇ.

1.2. ಜಲಾತ್ಮಕ. ಘಟಪ್ರಭೆ ಸಹ್ಯಾದ್ರಿಯಿಂದ ಇಳಿದು, ಅಂಬೋಲಿಯ ಹಿರಣ್ಯಕೇಶಿಯನ್ನು ಕೂಡಿಸಿಕೊಂಡು ಬರುತ್ತಾಳೆ. ಯಾವ ಹನಿ ಯಾವ ರಾಜ್ಯದ್ದೆಂದು ಕೇಳುವ ಪದ್ಧತಿ ಅವಳಲ್ಲಿಲ್ಲ. ಹಿಡಕಲ್ಲಿನಲ್ಲಿ ದೊಡ್ಡ ಡ್ಯಾಮು, ಅದರ ಕೆಳಗೆ ಧುಪದಾಳದಲ್ಲಿ ಬ್ರಿಟಿಷರ ಕಾಲದ ಒಡ್ಡು, ಅಲ್ಲಿಂದ ಎಡದಂಡೆ ಕಾಲುವೆ. ತಾತ್ವಿಕವಾಗಿ ತೂಬಿನ ಬಳಿಯವನು ಕೇಂದ್ರ, ಕಾಲುವೆಯ ಕೊನೆಯ ಹೊಲದವನು ರಾಜ್ಯ. ಮೇಲಿನವನು ರಾತ್ರಿ ಪಂಪು ಹಚ್ಚಿದರೆ ಕೆಳಗಿನವನ ಪಾಲಿಗೆ ಉಳಿಯುವುದು ಸಂವಿಧಾನ ಮಾತ್ರ.

1.3. ಕ್ಷೀರಾತ್ಮಕ. ಹಾಲು ಒಕ್ಕೂಟ. ಫ್ಯಾಟ್ ನೋಡಿ ದರ. ಮುಂದೆ ಹೋಗೋಣ.

1.4. ಸ್ತ್ರೈಣ-ಆರ್ಥಿಕ. ಇಲ್ಲಿ ತುಸು ನಿಲ್ಲಬೇಕು. ಈ ಕಡೆಯ ಹೆಣ್ಣುಮಕ್ಕಳ ಬಾಯಲ್ಲಿ ಒಕ್ಕೂಟವೆಂದರೆ ಸಂಜೀವಿನಿ ಒಕ್ಕೂಟ, ಪಂಚಾಯಿತಿಯ ಸ್ವಸಹಾಯ ಸಂಘಗಳೆಲ್ಲ ಕೂಡಿದ್ದು. “ಇವತ್ತ ಒಕ್ಕೂಟದ ಮೀಟಿಂಗ್ ಐತ್ರಿ, ಕಂತ ಕಟ್ಟಬೇಕು.” ಜಮಖಾನೆ ಹಾಸುತ್ತಾರೆ. ಲೆಕ್ಕ ಬರೆಯುವಾಕಿ ಪುಸ್ತಕ ಬಿಚ್ಚಿ ಗಟ್ಟಿಯಾಗಿ ಓದುತ್ತಾಳೆ: ಯಾವ ಸಂಘದಿಂದ ಎಷ್ಟು ಬಂತು, ಯಾರಿಗೆ ಎಷ್ಟು ಹೋಯಿತು, ಬಾಕಿ ಯಾರದು. ಹಿಂದೆ ಕೂತಾಕಿ ತಡೆಯುತ್ತಾಳೆ: “ನಮ್ಮ ಸಂಘದ್ದು ಹ್ವಾದ ತಿಂಗಳದ್ದು ಬರದೀಯೇನವಾ?” ಪುಟ ತಿರುವಿ, ಬೆರಳಿಟ್ಟು ತೋರಿಸಬೇಕು. ತೋರಿಸುವ ತನಕ ಮೀಟಿಂಗ್ ಮುಂದಕ್ಕೆ ಹೋಗುವುದಿಲ್ಲ. ಒಕ್ಕೂಟ ತತ್ವದ ಬಗ್ಗೆ ನಾನು ಕೇಳಿದ ಯಾವ ದಿಕ್ಸೂಚಿ ಭಾಷಣದಲ್ಲೂ ಇಷ್ಟು ತತ್ವ ಇರಲಿಲ್ಲ.

1.5. ಪ್ರಭುತ್ವಾತ್ಮಕ. ಹದಿನಾಲ್ಕನೆಯ ಹಣಕಾಸು ಆಯೋಗದಲ್ಲಿ, ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ ಕರ್ನಾಟಕದ ಪಾಲು ಶೇ. 4.713. ಹದಿನೈದನೆಯದರಲ್ಲಿ ಅದು ಶೇ. 3.647ಕ್ಕೆ ಇಳಿಯಿತು. ಹೆಚ್ಚು ದುಡಿದದ್ದಕ್ಕೆ, ಮಕ್ಕಳನ್ನು ಕಡಿಮೆ ಹೆತ್ತದ್ದಕ್ಕೆ ಕಡಿತ. ಬಡ ರಾಜ್ಯಕ್ಕೆ ಹೆಚ್ಚು ಕೊಡಲಿ, ಬೇಡವೆಂದವರಾರು? ಪುಸ್ತಕ ಬಿಚ್ಚಿ ಓದಿ ಅಂದರೆ ದೇಶದ್ರೋಹವಾಗುತ್ತದೆ, ತಕರಾರು ಅದು. ಹಾಗಂತ ಬೆಂಗಳೂರೇನೂ ಸಾಚಾ ಅಲ್ಲ. ಅದು ದಿಲ್ಲಿಗೆ ಬೈದದ್ದನ್ನೇ ಬೆಳಗಾವಿ ಬೆಂಗಳೂರಿಗೆ ಬೈಯುತ್ತದೆ. ಜಿಲ್ಲೆ ಮಾಡ್ರಿ ಎಂದು ಗೋಕಾಕ ಬೆಳಗಾವಿಗೆ ಬೈಯುತ್ತದೆ. ಗೋಕಾಕಿಗೆ ಬೈದು ಬೈದು ಮೂಡಲಗಿ ತಾಲ್ಲೂಕೇ ಆಗಿಹೋಯಿತು.

ಆರು, ಏಳನೆಯ ವಿಧ ನನಗೆ ಬೇಡ. 2019ರ ಆಗಸ್ಟ್‌ನಲ್ಲಿ ಇದೇ ಘಟಪ್ರಭೆ ಗೋಕಾಕಿನ ಓಣಿಗಳಿಗೆ ನುಗ್ಗಿದಳು, ಲೋಳಸೂರ ಸೇತುವೆ ಮುಳುಗಿತು. ರಾಜ್ಯದಲ್ಲಿ ಆದ ಹಾನಿ 35 ಸಾವಿರ ಕೋಟಿಗೂ ಮೇಲೆಂದು ಸರ್ಕಾರ ಲೆಕ್ಕ ಕೊಟ್ಟಿತು. ದಿಲ್ಲಿಯಿಂದ ಮಧ್ಯಂತರ ನೆರವೆಂದು 1,200 ಕೋಟಿ ಬಂದದ್ದು ಅಕ್ಟೋಬರಿನಲ್ಲಿ. ವರ್ಗೀಕರಣದ ಚಟ ವಿದ್ವಾಂಸರದು ಮಾತ್ರ ಅಂದುಕೊಂಡಿದ್ದೆ. ಬಿದ್ದ ಮನೆಗಳನ್ನೂ ಎ, ಬಿ, ಸಿ ಎಂದು ವಿಂಗಡಿಸಿದರು. ‘ಎ’ ಎಂದರೆ ಪೂರ್ತಿ ಬಿದ್ದದ್ದು, 5 ಲಕ್ಷ. ‘ಸಿ’ ಎಂದರೆ ಅಲ್ಪಸ್ವಲ್ಪ ಬಿದ್ದದ್ದು, 50 ಸಾವಿರ. ಹಸಿ ಮಣ್ಣಿನ ಗೋಡೆಗೆ ಬೆನ್ನು ಕೊಟ್ಟು ನಿಂತ ಮುದುಕಿಯೊಬ್ಬಳು ಫೋಟೋ ಹೊಡೆಯಲು ಬಂದವನನ್ನು ಕೇಳಿದಳು: “ಯಪ್ಪಾ, ಅರ್ಧ ಹೊಳಿ ಕೆಡವೇತಿ. ಉಳದರ್ಧ ನಾನ ಕೆಡವಿದ್ರ ಎ ಬರಕೋತೀಯೇನು?”