ಕನ್ನಡಕ್ಕೆ ಅಪ್ಪ

ಹತ್ತನೇ ತರಗತಿಯ ಮಕ್ಕಳಿರುವ ಮನೆಗಳಲ್ಲಿ ಖಾತೆ ಹಂಚಿಕೆ ಜೂನ್ ತಿಂಗಳಲ್ಲೇ ಮುಗಿದಿರುತ್ತದೆ. ಗಣಿತಕ್ಕೆ ಟ್ಯೂಷನ್, ವಿಜ್ಞಾನಕ್ಕೆ ಟ್ಯೂಷನ್, ಇಂಗ್ಲಿಷಿಗೆ ಪಕ್ಕದ ರಸ್ತೆಯ ಮಿಸ್ಸು, ಸಮಾಜಕ್ಕೆ ಬಾಯಿಪಾಠ. ಕನ್ನಡಕ್ಕೆ ಅಪ್ಪ. ಈ ಹುದ್ದೆಗೆ ಅರ್ಜಿ ಇಲ್ಲ, ಸಂದರ್ಶನ ಇಲ್ಲ. "ಎಸ್ಸೆಸ್ಸೆಲ್ಸೀಲಿ ಕನ್ನಡಕ್ಕೆ ನಾನೇ ಕ್ಲಾಸಿಗೆ ಫಸ್ಟು" ಎಂದು ಮದುವೆಯ ಹೊಸದರಲ್ಲಿ ಹೆಂಡತಿಯ ಮುಂದೆ ಕೊಚ್ಚಿಕೊಂಡಿದ್ದ ಮಾತೇ ಎಷ್ಟೋ ವರ್ಷದ ಮೇಲೆ ನೇಮಕಾತಿ ಆದೇಶವಾಗಿ ಕೈಗೆ ಬಂದಿರುತ್ತದೆ.

ಆದೇಶ ಕೈಗೆ ಬಂದಮೇಲೂ ಅಪ್ಪ ಕೆಲಸಕ್ಕೆ ಹಾಜರಾಗುವುದು ಪರೀಕ್ಷೆಯ ಹಿಂದಿನ ರಾತ್ರಿ, ಊಟವಾದ ಮೇಲೆ. ಗದ್ಯಪಾಠಗಳನ್ನು ಆತ ಮುಟ್ಟುವುದಿಲ್ಲ. "ಅದೆಲ್ಲಾ ಕಥೆ, ನೀನೇ ಓದ್ಕೋ." ಪದ್ಯವನ್ನೂ ಮುಟ್ಟುವುದಿಲ್ಲ. "ಅರ್ಥ ಗೈಡಲ್ಲಿ ಇರುತ್ತೆ." ಮುಟ್ಟುವುದು ಪದ್ಯದ ಮೈಮೇಲಿನ ಒಡವೆಗಳನ್ನು ಮಾತ್ರ: ಛಂದಸ್ಸು, ಅಲಂಕಾರ. ಶಾಲೆಯಲ್ಲಿ ಓದಿದ ಒಂದು ಪದ್ಯವೂ ಆತನಿಗೆ ನೆನಪಿಲ್ಲ. ಆದರೆ 'ಯಮಾತಾರಾಜಭಾನಸಲಗಂ' ನೆನಪಿದೆ. ಚಂಪಕಮಾಲೆಗೆ ನಜಭಜಜಜರ, ಪಾದಕ್ಕೆ 21 ಅಕ್ಷರ, ಉತ್ಪಲಮಾಲೆಗೆ 20. ಲಕ್ಷ್ಮೀಶ ಉಪಮಾಲೋಲ, ಕುಮಾರವ್ಯಾಸ ರೂಪಕ ಸಾಮ್ರಾಜ್ಯ ಚಕ್ರವರ್ತಿ. ಆ ಚಕ್ರವರ್ತಿಯ ಒಂದು ರೂಪಕ ಹೇಳಿ ಅಂದರೆ ಮಾತ್ರ ಫೋನಿಗೆ ಏನೋ ಮೆಸೇಜು ಬಂದುಬಿಡುತ್ತದೆ.

ಇಂಥ ಅಪ್ಪ ಒಬ್ಬರು ನಮ್ಮ ಮೇಲಿನ ಮನೆಯಲ್ಲಿದ್ದಾರೆ. ಕಳೆದ ಮಾರ್ಚಿನಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಬಂದು ಬಾಗಿಲು ತಟ್ಟಿದರು. "ನೀವು ಪತ್ರಿಕೆಗೆಲ್ಲಾ ಬರೀತೀರಲ್ಲ ಸಾರ್, ಒಂದು ನಿಮಿಷ ಬನ್ನಿ. ಪಠ್ಯಪುಸ್ತಕದಲ್ಲಿ ತಪ್ಪಿದೆ."

ಹೋದೆ. ಊಟದ ಮೇಜಿನ ಮೇಲೆ ನೋಟ್‌ಬುಕ್ಕು. ಭಾಮಿನಿ ಷಟ್ಪದಿಯ ಸಾಲೊಂದಕ್ಕೆ ಪ್ರಸ್ತಾರ ಹಾಕಿಟ್ಟಿದ್ದರು. ಲಘುವಿಗೆ ಬಟ್ಟಲು, ಗುರುವಿಗೆ ಅಡ್ಡಗೆರೆ, ಮೂರು ನಾಲ್ಕು ಮೂರು ನಾಲ್ಕು ಎಂದು ಗಣಕ್ಕೊಂದು ಉದ್ದ ಗೀಟು. ಒಟ್ಟು 14 ಮಾತ್ರೆ ಬರಬೇಕಾದ ಕಡೆ 15 ಬಂದಿತ್ತು.

"ಪ್ರಿಂಟಿಂಗ್ ಮಿಸ್ಟೇಕು" ಎಂದರು.

ಮಗಳು ಪುಸ್ತಕ ತಿರುಗಿಸಿ, ಮಿಸ್ಸು ಇದೇ ಸಾಲನ್ನು ಬೋರ್ಡಿನ ಮೇಲೆ ಮಾಡಿಸಿದ್ದಾರೆ, ಅವರಿಗೆ 14 ಬಂದಿತ್ತು ಎಂದಳು. ಅಪ್ಪ ಸ್ವಲ್ಪ ಹೊತ್ತು ಯೋಚಿಸಿದರು. "ಹಾಗಾದ್ರೆ ಕುಮಾರವ್ಯಾಸನೇ ಎಲ್ಲೋ ಎಡವಿರಬೇಕು."

ಹತ್ತು ಪರ್ವಗಳನ್ನು ಭಾಮಿನಿಯೊಂದರಲ್ಲೇ ಹಾಡಿ ಮುಗಿಸಿದ ಗದುಗಿನವನು ಈ ಮೇಜಿನ ಮೇಲೆ ಬಂದು ಎಡವಿದ. ನಾನು ಬಾಯಿ ತೆರೆಯುವ ಮೊದಲೇ ಮಗಳು ಪೆನ್ಸಿಲ್ ಕಿತ್ತುಕೊಂಡಳು.

"ಅಪ್ಪಾ, ಒತ್ತಕ್ಷರಕ್ಕೂ ಗುರು ಹಾಕಿದೀಯ, ಅದರ ಹಿಂದಿನದಕ್ಕೂ ಹಾಕಿದೀಯ."

"ಸೇಫ್ಟಿಗೆ ಎರಡಕ್ಕೂ ಇರಲಿ ಅಂತ."

"'ಅಪ್ಪ' ಅನ್ನೋದನ್ನೇ ತಗೋ. ಯಾವುದು ಗುರು?"

"ಪ್ಪ. ನೋಡಿದ್ರೆ ಗೊತ್ತಾಗಲ್ವಾ, ಒತ್ತು ಹೊತ್ಕೊಂಡಿರೋದು ಅದೇ."

"ಅಲ್ಲ. ಹಿಂದಿರೋ 'ಅ' ಗುರು. 'ಪ್ಪ' ಲಘು. ಒಟ್ಟು ಮೂರು ಮಾತ್ರೆ."

"ಅಪ್ಪ ಅಂದ್ರೆ ಮೂರೇ ಮಾತ್ರೆನಾ?" ಎಂದು ಅವರು ಮುಖ ಸಣ್ಣದು ಮಾಡಿದರು. ಅಮ್ಮನಿಗೂ ಮೂರೇ ಎಂದು ತಿಳಿದ ಮೇಲೆ ಕೊಂಚ ಚೇತರಿಸಿಕೊಂಡರು. ಚೇತರಿಸಿಕೊಂಡ ಜೋರಿನಲ್ಲಿ ಯಮಾತಾರಾಜಭಾನಸಲಗಂ ಹಾಕಿ ಗಣ ವಿಂಗಡಿಸಲು ಹೊರಟಾಗ, ಅದು ವೃತ್ತಗಳ ಅಕ್ಷರಗಣಕ್ಕೆ, ಷಟ್ಪದಿಯದು ಮಾತ್ರಾಗಣ ಎಂದು ಮಗಳು ಮತ್ತೊಮ್ಮೆ ತಡೆಯಬೇಕಾಯಿತು. ಅಷ್ಟು ವರ್ಷ ಜೋಪಾನವಾಗಿಟ್ಟಿದ್ದ ಮಂತ್ರ ಹೊತ್ತಿಗೆ ಒದಗಲಿಲ್ಲ.

ಛಂದಸ್ಸು ಕೈಬಿಟ್ಟಿತೆಂದು ಅಲಂಕಾರಕ್ಕೆ ಹಾರಿದರು. ಇಲ್ಲಿ ಮಗಳ ದಾರಿ ಇನ್ನೂ ಹತ್ತಿರದ್ದು. "ಅಂತೆ, ಹಾಗೆ, ವೋಲ್ ಇದ್ರೆ ಉಪಮೆ. ಅದಿಲ್ದೆ ಎರಡೂ ಒಂದೇ ಅಂದ್ರೆ ರೂಪಕ. ಎರಡು ವಾಕ್ಯ ಅಕ್ಕಪಕ್ಕ ಕೂತಿದ್ರೆ ದೃಷ್ಟಾಂತ. ಸಾಲು ಪೂರ್ತಿ ಓದ್ತಾ ಕೂತ್ರೆ ಟೈಮ್ ವೇಸ್ಟು." ಅಡುಗೆಮನೆಯಿಂದ "ರೀ, ನಾಳೆ ಕಾವೇರಿ ನೀರು ಬರಲ್ವಂತೆ" ಎಂಬ ಸುದ್ದಿ ಬಂತು. "ಉಪಮೆ" ಎಂದಳು ಮಗಳು, ತಲೆ ಎತ್ತದೆ.

ನನ್ನನ್ನು ಕೇಳಿದರೆ ಅವಳ ತಪ್ಪು ಇಷ್ಟೂ ಇಲ್ಲ. ಅಲಂಕಾರದ ಹೆಸರಿಗೆ ಅಂಕ ಇದೆ, ಸಮನ್ವಯಕ್ಕೆ ಇದೆ. ಹೋಲಿಕೆ ಸೊಗಸಾಗಿದೆಯೇ ಎಂದು ಕೇಳುವ ಪ್ರಶ್ನೆಯನ್ನು ನಾನಂತೂ ಯಾವ ಪತ್ರಿಕೆಯಲ್ಲೂ ಕಂಡಿಲ್ಲ. ಕಮಲದಂಥ ಮುಖಕ್ಕೆ ತಲೆಮಾರುಗಳಿಂದ ಪೂರ್ತಿ ಅಂಕ ಬೀಳುತ್ತಲೇ ಇದೆ.

ಅಪ್ಪ ಹೊಸ ಉದಾಹರಣೆ ಕೊಡಲು ಹೋದರು. ದನಿ ತಗ್ಗಿಸಿ, "ನಿಮ್ಮಮ್ಮ ಬೆಂಕಿ. ಯಾವ ಅಲಂಕಾರ?"

ಮಗಳು ದನಿ ತಗ್ಗಿಸದೆ, ಗೈಡಿನ ಧಾಟಿಯಲ್ಲೇ ಒಪ್ಪಿಸಿದಳು: "ಇಲ್ಲಿ ಉಪಮೇಯವಾದ ಅಮ್ಮನಿಗೂ ಉಪಮಾನವಾದ ಬೆಂಕಿಗೂ ಭೇದವಿಲ್ಲವೆಂದು ವರ್ಣಿಸಿರುವುದರಿಂದ ಇದು ರೂಪಕಾಲಂಕಾರ."

"ಭೇದ ಇದೆಯೋ ಇಲ್ಲವೋ ಇಲ್ಲಿ ಬಂದ್ರೆ ತೋರಿಸ್ತೀನಿ" ಎಂದಿತು ಅಡುಗೆಮನೆ.

ಕ್ರಿ.ಶ. 990ರ ಸುಮಾರಿನಲ್ಲಿ ನಾಗವರ್ಮ 'ಛಂದೋಂಬುಧಿ'ಯನ್ನು ಹೆಂಡತಿಗೆ ಹೇಳಿಕೊಡುವ ಹಾಗೆ ಬರೆದ. ಲಕ್ಷಣ ಹೇಳುತ್ತ ಹೇಳುತ್ತ ನಡುನಡುವೆ ಅವಳನ್ನು ಹೊಗಳಿ ಕರೆಯುತ್ತಾನೆ. ಆ ಉಪಾಯ ನಮ್ಮ ಮೇಲಿನ ಮನೆಯವರಿಗೆ ಹೊಳೆದಿರಲಿಲ್ಲ.

ವಾತಾವರಣ ತಿಳಿಯಾಗಲೆಂದು ನಾನೇ ಒಂದು ಸಲಹೆ ಕೊಟ್ಟೆ. ಎಣಿಸುವುದು ಬಿಟ್ಟು ಭಾಮಿನಿಯಲ್ಲಿ ನಾವೇ ಏನಾದರೂ ಕಟ್ಟೋಣ. ಬೆರಳಿಗೆ ಸಿಗದ ತಪ್ಪು ಕಿವಿಗೆ ಸಿಗುತ್ತದೆ. ಅಪ್ಪನಿಗೆ ಹುರುಪು ಬಂತು. ಒಂದಷ್ಟು ಹೊತ್ತು ಮೇಜು ಕುಟ್ಟಿ, ಮೊದಲ ಸಾಲು ಹೊರಡಿಸಿದರು:

ಇಡ್ಲಿ ಸಾಂಬಾರ್ ದೋಸೆ ಚಟ್ಣಿಯು

ಮಗಳು ಅನುಮಾನದಿಂದಲೇ ಪ್ರಸ್ತಾರ ಹಾಕಿದಳು. ಇಡ್ಲಿ ಮೂರು, ಸಾಂಬಾರ್ ನಾಲ್ಕು, ದೋಸೆ ಮೂರು, ಚಟ್ಣಿಯು ನಾಲ್ಕು. ಹದಿನಾಲ್ಕು! ಅಪ್ಪ ಕುರ್ಚಿಯಿಂದ ಅರ್ಧ ಎದ್ದರು. ಕೆಳಗಿನ ಮನೆಯವರಿಗೆ, ಅಂದರೆ ನಮ್ಮ ಮನೆಯವರಿಗೆ, ಕೇಳಿಸುವಂತೆ ಅದನ್ನು ರಾಗವಾಗಿ ಹಾಡಿದರು. ಅಷ್ಟು ಹೊತ್ತಿನಲ್ಲಿ ಆ ಮೇಜಿನ ಸುತ್ತ ಯಾರಾದರೂ ಷಟ್ಪದಿಯನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಆದರೆ ಆದಿಪ್ರಾಸ ಇದೆಯಲ್ಲ. ಸಾಲಿನ ಎರಡನೇ ಅಕ್ಷರದ ವ್ಯಂಜನ ಎಲ್ಲ ಸಾಲಲ್ಲೂ ಒಂದೇ ಇರಬೇಕು. ಇಡ್ಲಿಯ ಎರಡನೇ ಅಕ್ಷರ ಡ್ಲಿ. ಹಳಬರು ಪ್ರಾಸವನ್ನು ಸಿಂಹ, ಗಜ, ವೃಷಭ, ಅಜ, ಶರಭ, ಹಯ ಎಂದು ಆರು ಪ್ರಾಣಿಗಳಿಗೆ ಹಂಚಿಕೊಟ್ಟಿದ್ದಾರೆ. ಬೇರೆ ಬೇರೆ ವ್ಯಂಜನ ಕೂಡಿದ ಒತ್ತು ಬಂದರೆ ಅದು ಶರಭ. ಸಿಂಹವನ್ನೇ ಮಣಿಸುವ ಪುರಾಣದ ಮೃಗ ಇಡ್ಲಿಯ ಪಾಲಿಗೆ ಬಂದಿತ್ತು. ಮಗಳು ಪೆನ್ಸಿಲ್ ಕಚ್ಚುತ್ತ ಕೂತು ಎರಡನೇ ಸಾಲು ಕೊಟ್ಟಳು:

ಕಡ್ಲೆ ಬೇಳೆಯ ವಡೆಯು ಬಂದಿರೆ

ಲೆಕ್ಕವೂ ಸರಿ, ಶರಭವೂ ಸರಿ. ನಾನು ಮನಸಾರೆ ಶಹಭಾಸ್ ಎಂದೆ. ಮೂರನೇ ಸಾಲು ಉದ್ದ, ಕೊನೆಯ ಗುರು ಸೇರಿ 23 ಮಾತ್ರೆ. ಅದು ಆಮೇಲಿನ ಮಾತು. ಮೊದಲು ಶುರುವಿಗೆ ಇನ್ನೊಂದು 'ಡ್ಲ' ಬೇಕು.

"ನೂಡ್ಲ್ಸು?" ಎಂದರು ಅಪ್ಪ.

"ನೂ ದೀರ್ಘ. ಆಗಲ್ಲ."

"ಮಿಡ್ಲ್ ಕ್ಲಾಸು?"

"ಮಿಡ್ಲ್‌ಗೆ ಕೊನೇಲಿ ಸ್ವರ ಇಲ್ಲಪ್ಪಾ."

"ಮಿಡ್ಲ್ ಕ್ಲಾಸಿಗೆ ಸ್ವರ ಯಾವತ್ತು ಇತ್ತು?" ಎಂದು ಅವರು ನಿಟ್ಟುಸಿರುಬಿಟ್ಟರು.

"ಶ್ಲೇಷೆ" ಎಂದಳು ಮಗಳು. ಈ ಸಲ ತಲೆ ಎತ್ತಿ ನಕ್ಕಳು.

ಗಂಟೆ ಹನ್ನೊಂದಾಯಿತು. ಪತ್ರಲೇಖನ, ಗಾದೆ ವಿಸ್ತರಣೆ, ಸಂಧಿ, ಸಮಾಸ ಎಲ್ಲ ಹಾಗೇ ಬಿದ್ದಿದ್ದವು. ಅಪ್ಪ ಮಾತ್ರ ಚಾವಣಿ ನೋಡುತ್ತ ಕಡ್ಲ, ಗಡ್ಲ, ತಡ್ಲ ಎಂದು ಇಡೀ ವರ್ಣಮಾಲೆಯನ್ನು ಹಿಂಡುತ್ತಿದ್ದರು. ಅಡುಗೆಮನೆಯ ದೀಪ ಆರಿತು. ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಸ್ವಿಚ್ಚಿನ ಹತ್ತಿರ ನಿಂತರು.

"ಮಗು ಬೆಳಿಗ್ಗೆ ಬೇಗ ಏಳ್ಬೇಕು ರೀ. ಇದನ್ನೂ ಆರಿಸಿ ಬಿಡ್ಲಾ?"

"ಬಿಡ್ಲಾ!" ಅಪ್ಪ ಮೇಜು ಗುದ್ದಿದರು. "ಬಂತು ನೋಡು! ಶರಭ!"

"ಡ್ಲಾ ದೀರ್ಘ, ನಾಲ್ಕು ಮಾತ್ರೆ ಆಗುತ್ತೆ. ಶುರುವಿಗೆ ಮೂರೇ ಇರ್ಬೇಕು" ಎಂದಳು ಮಗಳು.

ಅಪ್ಪ ಹೆಂಡತಿಯ ಕಡೆ ತಿರುಗಿ ಕೈಮುಗಿದರು. "ಇನ್ನೊಂದ್ಸಲ ಕೇಳು ಕಣೇ, ಸ್ವಲ್ಪ ಹ್ರಸ್ವವಾಗಿ."