ಮೆಡಿಟರೇನಿಯನ್ ನೆಂಟಸ್ತಿಕೆ

ಕೆಜಿಎಫ್‌ನವರಿಗೆ ಯುರೋಪಿನ ವಿಚಾರ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬುದು ನಮ್ಮ ಮನೆತನದ ನಂಬಿಕೆ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಚಿನ್ನಕ್ಕಾಗಿ ನಮ್ಮ ನೆಲ ಕೊರೆಯತೊಡಗಿದ ಮೇಲೆ ಕಾರ್ನ್‌ವಾಲ್‌ನವರು ಬಂದರು, ಇಟಲಿಯವರೂ ಬಂದರು. ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ ಎಲ್ಲಾ ಆಯಿತು. ಶಿವನಸಮುದ್ರದ ಕರೆಂಟು 1902ರಲ್ಲೇ ನಮ್ಮೂರಿಗೆ ಬಂತು. ಬೆಂಗಳೂರಿನವರು 1905ರವರೆಗೆ ಕಾದರು. ‘ನಾವು ಬಲ್ಬಿನ ಕೆಳಗೆ ಫೋರ್ಕು ಹಿಡಿದಿದ್ದಾಗ ಇವರು ಬುಡ್ಡಿದೀಪದ ಗಾಜು ಒರೆಸುತ್ತಿದ್ದರು’ ಎಂದು ನಾನು ಸಿಕ್ಕಸಿಕ್ಕವರಿಗೆ ಹೇಳುತ್ತಾ ಬಂದಿದ್ದೇನೆ.

ಹೀಗಿರುವಾಗ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗಳು ನಮ್ಮ ಮದುವೆಯ ದಿನಕ್ಕೆಂದು ಇಂದಿರಾನಗರದ ಒಂದು ಮೆಡಿಟರೇನಿಯನ್ ಹೋಟೆಲಿನಲ್ಲಿ ಟೇಬಲ್ ಬುಕ್ ಮಾಡಿದಳು. ‘ಅಪ್ಪಾ, ಅಲ್ಲಿ ಸ್ವಲ್ಪ ನೋಡ್ಕೊಂಡು ನಡ್ಕೋ’ ಅಂದಳು. ನನಗೆ ನಗು ಬಂತು. ಇಟಲಿ ಇರುವುದೇ ಮೆಡಿಟರೇನಿಯನ್ ಸಮುದ್ರದಲ್ಲಿ. ಆ ಲೆಕ್ಕದಲ್ಲಿ ಇದು ನೆಂಟರ ಮನೆಯ ಊಟ.

ಆದರೂ ಚಾಕು, ಫೋರ್ಕಿನ ಕೈ ಕೊಂಚ ಜಡ್ಡುಗಟ್ಟಿರಬಹುದೆಂದು ಮನೆಯಲ್ಲಿ ಅಭ್ಯಾಸಕ್ಕಿಳಿದೆ. ಅಂದು ರಾಗಿಮುದ್ದೆ, ಅವರೆಕಾಳಿನ ಸಾರು. ಮುದ್ದೆಗೆ ಚುಚ್ಚಿದ ಫೋರ್ಕು ಈಚೆ ಬರಲಿಲ್ಲ. ಎಳೆದರೆ ಮುದ್ದೆಯೇ ತಟ್ಟೆ ಬಿಟ್ಟು ಎದ್ದು ಬಂತು. ‘ಇಟಲಿಯವರು ಮುದ್ದೆ ತಿಂತಿರಲಿಲ್ಲ ಅನ್ಸುತ್ತೆ’ ಎಂದಷ್ಟೇ ಹೇಳಿ ಹೆಂಡತಿ ಒಳಗೆ ಹೋದಳು.

ಮಾರಿಕುಪ್ಪಂ ಟ್ರೈನು ಗೊತ್ತಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಊರಿಗೆ ಊರೇ ಬೆಳಿಗ್ಗೆ ಅದರಲ್ಲಿ ತುಂಬಿಕೊಂಡು ಬೆಂಗಳೂರಿಗೆ ದುಡಿಯಲು ಹೋಗುತ್ತದೆ, ರಾತ್ರಿ ಮಲಗಲು ವಾಪಸ್ಸು ಬರುತ್ತದೆ. ಹೊರಟ ದಿನ ನಾನೂ ಕಿಟಕಿಯಿಂದ ಕರ್ಚೀಫು ಎಸೆದು ಎರಡು ಸೀಟು ಹಿಡಿದೆ. ಅದರ ಮೇಲೆ ಕೂತಿದ್ದ ಒಬ್ಬನಿಗೂ ನನಗೂ ಊರ್ಗಾಂನಿಂದ ಕೋರಮಂಡಲ್‌ವರೆಗೆ ಮೂರು ಭಾಷೆಗಳಲ್ಲಿ ಮಾತುಕತೆ ನಡೆಯಿತು. ಬಂಗಾರಪೇಟೆ ಬಂದಾಗ ಹೆಂಡತಿ, ‘ರೀ, ಇಲ್ಲೇ ಇಳಿದುಬಿಡೋಣ. ಸಾಯಂಕಾಲದವರೆಗೆ ನನ್ನ ಅಕ್ಕನ ಮನೇಲಿದ್ದು ಪಾನಿಪುರಿ ತಿಂದು ಹೋಗೋಣ’ ಅಂದಳು. ಯುರೋಪಿಗೆ ಹೊರಟವನು ಬಂಗಾರಪೇಟೆಯಲ್ಲಿ ಇಳಿಯುವುದುಂಟೆ?

ಹೋಟೆಲು ಚೆನ್ನಾಗಿತ್ತು. ಬಿಳಿ ಗೋಡೆ, ನೀಲಿ ಬಾಗಿಲು, ಕುಂಡದಲ್ಲಿ ಒಂದು ಆಲಿವ್ ಗಿಡ. ಕರಿ ಏಪ್ರನ್ನಿನ ಹುಡುಗನೊಬ್ಬ ಗಾಜಿನ ಲೋಟಕ್ಕೆ ನೀರು ಸುರಿದ. ನಾನು ಎತ್ತಿ ಮೂಸಿ ನೋಡಿದೆ. ಬಂಗಾರಪೇಟೆಯ ಪಾನಿ ನೋಡಲು ಶುದ್ಧ ತಿಳಿನೀರು, ಬಾಯಿಗೆ ಹಾಕಿದರೆ ನೆತ್ತಿಗೇರುವ ಖಾರ. ಆ ಸೀಮೆಯವರು ತಿಳಿನೀರನ್ನು ಸುಮ್ಮನೆ ನಂಬುವುದಿಲ್ಲ. ಹುಡುಗ ಬೇರೆ ಕಡೆ ತಿರುಗಿಕೊಂಡ.

ಮೊದಲು ಬಂದದ್ದು ಆಲಿವ್ ಕಾಯಿ. ಒಂದನ್ನು ಬಾಯಿಗೆಸೆದು ಕಚ್ಚಿದೆ. ಒಳಗೆ ಬೀಜ! ದವಡೆ ಕಟಕ್ಕೆಂದಿತು. ಉಗಿಯೋಣವೆಂದರೆ ಅಕ್ಕಪಕ್ಕದಲ್ಲೆಲ್ಲ ನಯವಂತರು, ನುಂಗೋಣವೆಂದರೆ ವಯಸ್ಸು. ಬೀಜವನ್ನು ಕೆನ್ನೆಗೆ ಒತ್ತರಿಸಿಕೊಂಡೆ. ಅಷ್ಟರಲ್ಲಿ ಹುಡುಗ ಬಂದು ಹೇಗಿದೆ ಎಂದು ಕೇಳಿದ. ‘ಡಿಶ್ ಈಶ್ ಎಕ್ಷಲೆಂಟ್’ ಎಂಬ ದನಿ ನನ್ನ ಬಾಯಿಂದ ಹೊರಟಿತು. ಸಾಕ್ಷಾತ್ ದೊರೆಯ ಇಂಗ್ಲಿಷು! ಖುಷಿಯಾಗಿ ಇನ್ನೂ ನಾಲ್ಕು ಮಾತಾಡಿದೆ.

ಆಮೇಲೆ ಹಮ್ಮಸ್ ಬಂತು, ಬೇಯಿಸಿದ ಕಾಬೂಲಿ ಕಡಲೆಯನ್ನು ಎಳ್ಳಿನ ಜೊತೆ ನುಣ್ಣಗೆ ರುಬ್ಬಿದ್ದು. ಪಕ್ಕದಲ್ಲಿ ಉಬ್ಬಿದ ಪೀಟಾ ರೊಟ್ಟಿ. ನಾನು ಭುಜ ನೆಟ್ಟಗೆ ಮಾಡಿ, ಎಡಗೈಲಿ ಫೋರ್ಕು, ಬಲಗೈಲಿ ಚಾಕು ಹಿಡಿದು ರೊಟ್ಟಿ ಕೊಯ್ದೆ. ಅದು ಬುಸ್ಸೆಂದು ಒಳಗಿನ ಹಬೆಯನ್ನು ಮುಖಕ್ಕೆ ಉಗಿಯಿತು, ಕನ್ನಡಕ ಮಂಜಾಯಿತು. ಕಣ್ಣು ಕಾಣದೆ ಇನ್ನೊಮ್ಮೆ ಒತ್ತಿದೆ. ಅರ್ಧ ರೊಟ್ಟಿ ಜಾರಿ ಪಕ್ಕದ ಟೇಬಲ್ಲಿನ ಹೆಣ್ಣುಮಗಳ ಕೈಚೀಲದ ಮೇಲೆ ಹೋಗಿ ಕೂತಿತು.

ಹುಡುಗ ಓಡಿಬಂದು ಅದನ್ನು ತೆಗೆದ. ಕ್ಷಮೆ ಕೇಳಿದ, ನನ್ನ ಪರವಾಗಿ. ಆಮೇಲೆ ಬಗ್ಗಿ, ತಮಿಳು ಬೆರೆತ ನಮ್ಮೂರ ಕನ್ನಡದಲ್ಲಿ ಮೆಲ್ಲಗೆ, ‘ಅಂಕಲ್, ಇದನ್ನ ಕೈಯಲ್ಲೇ ತಿನ್ನೋದು. ಮುರ್ಕೊಂಡು, ಅದ್ಕೊಂಡು’ ಅಂದ. ಎದುರಿಗೆ ನೋಡಿದರೆ ಹೆಂಡತಿ ಆಗಲೇ ಮುರಿದು, ಅದ್ದಿ, ಅರ್ಧ ಬಟ್ಟಲು ಮುಗಿಸಿದ್ದಳು.

‘ನೀನು ಯಾವೂರಪ್ಪ?’ ಎಂದೆ.

‘ಚಾಂಪಿಯನ್ ರೀಫ್ಸು, ಅಂಕಲ್. ಬೆಳಿಗ್ಗೆ ಟ್ರೈನಲ್ಲಿ ನೀವು ಕರ್ಚೀಫಿಗೆ ಜಗಳ ಆಡ್ತಿದ್ರಲ್ಲ, ಹಿಂದಿನ ಸೀಟಲ್ಲೇ ಇದ್ದೆ. ಇಲ್ಲಿ ಇಂಗ್ಲಿಷ್ ಮಾತಾಡಿದಾಗ ಬೇರೆ ಯಾರೋ ಅಂದ್ಕೊಂಡೆ.’

ಮಾನ ಉಳಿಸಿಕೊಳ್ಳಲು ಇಟಲಿಯ ಕಥೆ ತೆಗೆದೆ. ಅವನು ತಾಳ್ಮೆಯಿಂದ ಕೇಳಿ, ‘ನಮ್ಮ ಮುತ್ತಾತ ದೊರೆ ಬಂಗಲೆಯಲ್ಲಿ ಬಟ್ಲರು. ಮನೇಲಿ ಈಗಲೂ ಚಮಚ ಯಾವ ಕಡೆ ಇಡಬೇಕು ಅಂತ ಬೈತಾರೆ. ನಿಮ್ಮ ತಾತ ಕ್ಲಬ್ಬಲ್ಲಿದ್ರಾ?’ ಎಂದ.

ನಮ್ಮ ತಾತ ನೆಲದ ಕೆಳಗಿದ್ದರು. ಮೂರು ಕಿಲೋಮೀಟರಿಗೂ ಆಳಕ್ಕಿಳಿದ ಗಣಿಯಲ್ಲಿ ಬಂಡೆ ಒಡೆದು, ಮೇಲೆ ಬಂದು, ಕೂಲಿ ಲೈನಿನ ತಟ್ಟಿ ಗುಡಿಸಲಿನಲ್ಲಿ ಬುಡ್ಡಿದೀಪದ ಎದುರು ಮುದ್ದೆ ನುಂಗುತ್ತಿದ್ದರು. ಕ್ಲಬ್ಬಿನ ಬಲ್ಬನ್ನು ಅವರು ನೋಡಿದ್ದು ರಸ್ತೆಯಿಂದ. ನಾನು ಊರೆಲ್ಲ ಸಾರುತ್ತಿದ್ದ ಆ ‘ನಾವು’ ಎಂಬುದರೊಳಗೆ ತಾತನನ್ನು ಸೇರಿಸಿಕೊಳ್ಳಲು ಯಾವ ದೊರೆಯೂ ಒಪ್ಪಿರಲಿಲ್ಲ.

ಆಮೇಲಿನದೆಲ್ಲ ಹುಡುಗನ ಆಡಳಿತ. ಯಾವುದನ್ನು ತರಿಸಬೇಕು, ಯಾವುದು ಬರೀ ದುಡ್ಡು ದಂಡ ಎಂದು ಅವನೇ ಹೇಳಿದ. ವಾಪಸ್ಸು ಟ್ರೈನಿಗೆ ಎಷ್ಟು ಹೊತ್ತಿಗೆ ಏಳಬೇಕೆಂದೂ ಹೇಳಿದ. ಸುಟ್ಟ ಬದನೆಕಾಯಿಯ ಬಟ್ಟಲನ್ನು ಕೈಬೆರಳಿಂದ ಬಳಿದು ತಿಂದೆ. ಬಿಲ್ಲು ನೋಡಿ ಹೆಂಡತಿ ಮಾತಾಡಲಿಲ್ಲ.

ಮೆಟ್ರೋ ಸ್ಟೇಷನ್ನಿನಲ್ಲಿ ಕಾವಲುಗಾರ ಕೈ ಎತ್ತಿಸಿ ಮೈಗೆಲ್ಲ ಯಂತ್ರ ಆಡಿಸಿದ. ಗಣಿಯಲ್ಲೂ ಶಿಫ್ಟ್ ಮುಗಿಸಿ ಬಂದವರ ಮೈ ತಡವಿ ನೋಡಿಯೇ ಬಿಡುತ್ತಿದ್ದರಂತೆ. ಅಷ್ಟು ವರ್ಷ ದುಡಿದರೂ ನಮ್ಮ ತಾತನಿಗೆ ಆ ಗೇಟಿನಾಚೆಗೆ ಒಂದು ಚೂರನ್ನೂ ತರಲಾಗಲಿಲ್ಲ. ಯಂತ್ರ ಸದ್ದು ಮಾಡಲಿಲ್ಲ. ‘ಹೋಗಿ’ ಎಂದ.

‘ಥ್ಯಾಂಕ್ಶ್’ ಎಂದೆ ನಾನು, ಕೆನ್ನೆಯೊಳಗಿನ ಬೀಜವನ್ನು ಇನ್ನೂ ಒಳಕ್ಕೆ ಒತ್ತಿಕೊಳ್ಳುತ್ತಾ.