ಶುಲ್ಕ ಮೀಮಾಂಸೆ: ಒಂದು ರಾತ್ರಿಯ ಬೆಲೆ ಕುರಿತ ತ್ರಿಮತ ವಿಚಾರ

ಮಡಿಕೇರಿಯ ಹೋಂಸ್ಟೇಯಲ್ಲಿ ಶನಿವಾರ ರಾತ್ರಿ ಮಲಗಿ ಭಾನುವಾರ ಏಳಲು ಎಷ್ಟಾಗುತ್ತದೆ? ಇಷ್ಟು ಸಣ್ಣ ಪ್ರಶ್ನೆಗೆ ಪಂಡಿತರು ಮೂರು ಮತಗಳಾಗಿ ಒಡೆದಿದ್ದಾರೆ.

ಕೃತಯುಗದಲ್ಲಿ ಈ ಜಗಳವಿರಲಿಲ್ಲ. 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಇಬ್ಬರು ತರುಣರು ಮನೆ ಬಾಡಿಗೆ ಹೊಂದಿಸಲಾಗದೆ ಹಾಲ್‌ನಲ್ಲಿ ಗಾಳಿ ಹಾಸಿಗೆ ಹಾಸಿ ರಾತ್ರಿಗೆ 80 ಡಾಲರ್ ಎಂದರು. ತಿಂಡಿಯೂ ಅದರಲ್ಲೇ. ಇದೇ ಮುಂದೆ ಏರ್‌ಬಿಎನ್‌ಬಿ ಆಯಿತು. ಆಗಲೇ ದ್ವೈತವೂ ಹುಟ್ಟಿತು.

ದ್ವೈತಿಗಳ ಪ್ರಕಾರ ಬಾಡಿಗೆ ಬೇರೆ, ಶುಲ್ಕ ಬೇರೆ. ಬಾಡಿಗೆ ಮೊದಲ ನೋಟಕ್ಕೇ ಗೋಚರ. ಸೇವಾ ಶುಲ್ಕ, ಸ್ವಚ್ಛತಾ ಶುಲ್ಕಗಳ ಸಾಕ್ಷಾತ್ಕಾರ ಹಣ ಕಟ್ಟುವ ಹೊತ್ತಿಗೆ. ಗುಡಿಸಿ ಒರೆಸುವ ಈ ಶುಲ್ಕ ವಾಸಕ್ಕೊಮ್ಮೆ ಬೀಳುವುದರಿಂದ, ಮೂರು ರಾತ್ರಿ ತಂಗಿದವರಿಗೆ ಹಂಚಿಹೋಗುತ್ತದೆ, ಒಂದೇ ರಾತ್ರಿಯವರು ಇಡಿಯಾಗಿ ಹೊರುತ್ತಾರೆ. ಈ ಮತವನ್ನು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಖಂಡಿಸಿತು. ಕಡ್ಡಾಯ ಶುಲ್ಕಗಳನ್ನೆಲ್ಲ ಸೇರಿಸಿ ಒಂದೇ ಮೊತ್ತವನ್ನು ಮೊದಲೇ ತೋರಿಸಬೇಕೆಂಬ ಅದರ ನಿಯಮ 2025ರ ಮೇ 12ರಿಂದ ಜಾರಿಯಲ್ಲಿದೆ. ಶುದ್ಧ ಅದ್ವೈತ. ತೆರಿಗೆಯನ್ನು ಮಾತ್ರ ಹೊರಗಿಡಬಹುದು. ಮಾಯೆಗೂ ಸ್ವಲ್ಪ ಜಾಗ ಬೇಕಲ್ಲ.

ಮಾಯೆಯ ಪೂರ್ಣರೂಪ ಕಾಣಬೇಕಾದರೆ ಭಾರತದ ಜಿಎಸ್‌ಟಿಯನ್ನೇ ನೋಡಬೇಕು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ ₹7,500ರವರೆಗಿನ ಕೋಣೆಗೆ 5%, ಅದನ್ನು ದಾಟಿದರೆ 18%. ಅಂದರೆ ₹7,500ರ ಕೋಣೆಗೆ ಒಟ್ಟು ₹7,875. ₹7,501ರ ಕೋಣೆಗೆ ₹8,851. ಒಂದು ರೂಪಾಯಿಗೆ ಒಂಬೈನೂರ ಎಪ್ಪತ್ತಾರು ರೂಪಾಯಿಯ ಪರಿಣಾಮ. ಕರ್ಮಸಿದ್ಧಾಂತವೂ ಇಷ್ಟು ನಿಷ್ಠುರವಲ್ಲ. ಇನ್ನೊಂದು ಚಮತ್ಕಾರವಿದೆ: ನೋಂದಣಿಯ ಮಿತಿಯೊಳಗಿನ ಸಣ್ಣ ಹೋಂಸ್ಟೇಗೆ ನೇರವಾಗಿ ಫೋನ್ ಮಾಡಿದರೆ ಈ ತೆರಿಗೆಯಿಲ್ಲ, ಅದೇ ಕೋಣೆಯನ್ನು ಆಪ್‌ನಲ್ಲಿ ಹಿಡಿದರೆ ಉಂಟು.

ಏರ್‌ಬಿಎನ್‌ಬಿಯಂಥ ಆಪ್‌ನಲ್ಲಿ ಬುಕಿಂಗ್ ಎರಡು ವಿಧ. ಒತ್ತಿದೊಡನೆ ಕೋಣೆ ಸಿಗುವುದು ಒಂದು. ಬೇಡಿಕೆ ಸಲ್ಲಿಸಿ ಮನೆಯವರ ಒಪ್ಪಿಗೆಗೆ 24 ಗಂಟೆಯವರೆಗೆ ಕಾಯುವುದು ಇನ್ನೊಂದು. ಎರಡನೆಯದನ್ನು ಹೆಣ್ಣು ನೋಡುವ ಶಾಸ್ತ್ರದಿಂದ ಪಡೆದದ್ದೆಂದು ಈ ಪ್ರಬಂಧದ ಊಹೆ, ಆಧಾರವೇನೂ ಇಲ್ಲ.

ಕೊಡಗು, ಚಿಕ್ಕಮಗಳೂರಿನ ತೋಟದ ಮಾಲೀಕರಾದರೋ ಮೇಲುಕೋಟೆಗೆ ಹೋಗದೆಯೇ ವಿಶಿಷ್ಟಾದ್ವೈತಿಗಳು. “ತಲೆಗಿಷ್ಟು ಸಾರ್, ಊಟ ತಿಂಡಿ ಎಲ್ಲಾ ಸೇರಿ.” ಎಲ್ಲವೂ ಒಂದೇ, ಆದರೆ ವಿಶೇಷಣಗಳುಂಟು: ಕ್ಯಾಂಪ್‌ಫೈರ್ ಬೇರೆ, ಮಾಂದಲಪಟ್ಟಿಯ ಜೀಪು ಬೇರೆ, ಲಾಂಗ್ ವೀಕೆಂಡಿನ ರೇಟೂ ಬೇರೆ. ತಲೆ ಎಂದರೇನು ಎಂಬುದರಲ್ಲೂ ಭಾಷ್ಯಭೇದವಿದೆ. ಕೈಗೂಸು ಸಾಮಾನ್ಯವಾಗಿ ಶೂನ್ಯ. ಶಾಲೆಗೆ ಹೋಗುವ ಮಗು ಹಲವು ಕಡೆ ಅರ್ಧ ತಲೆ. ಡ್ರೈವರ್ ರಾತ್ರಿ ಎಲ್ಲಿ ಮಲಗಬೇಕೆಂದು ಯಾವ ಭಾಷ್ಯಕಾರನೂ ತಾನಾಗಿ ಹೇಳುವುದಿಲ್ಲ. ಅಡ್ವಾನ್ಸ್ ಗೂಗಲ್ ಪೇ ಮಾಡುವ ಮೊದಲೇ ಕೇಳಿಕೊಳ್ಳಬೇಕು. ಜತೆಗೆ ನಾಯಿ ಬರುವುದಾದರೆ ಅದನ್ನೂ. ಅದು ಅರ್ಧ ತಲೆಯೋ, ಲಗೇಜೋ ಎಂಬ ವಾದ ಸಕಲೇಶಪುರದ ಕಡೆ ಇನ್ನೂ ಇತ್ಯರ್ಥವಾಗಿಲ್ಲ.